ನಂಬಿಕೆಯ ಮೇಲೆ ನಿಂತ ಜಾಲ

1969ರ ಅಕ್ಟೋಬರ್ 29. ರಾತ್ರಿ ಹತ್ತೂವರೆಯ ಸಮಯ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂಬ ಒಂದು ಪದವನ್ನು ತಲುಪಿಸುವುದು ಅವನಿಗೆ ಒಪ್ಪಿಸಿದ್ದ ಕೆಲಸ. ಆ ಕಡೆಯಲ್ಲಿ ಬಿಲ್ ಡುವಾಲ್ ಎಂಬ ಎಂಜಿನಿಯರ್ ಒಂದೊಂದೇ ಅಕ್ಷರ ಬಂದುದನ್ನು ದೂರವಾಣಿಯಲ್ಲಿ ತಿಳಿಸುತ್ತಿದ್ದರು. 'ಎಲ್' ಬಂತು. 'ಓ' ಬಂತು. 'ಜಿ' ಒತ್ತಿದಾಗ ಸ್ಟ್ಯಾನ್‌ಫರ್ಡ್‌ನ ಯಂತ್ರ ಕೆಟ್ಟು ನಿಂತಿತು. ಸುಮಾರು ಒಂದು ಗಂಟೆಯ ಬಳಿಕ ದೋಷ ಸರಿಪಡಿಸಿ ಮತ್ತೆ ಯತ್ನಿಸಿದಾಗ ಇಡೀ ಪದ ತಲುಪಿತು.

ಇಂದಿನ ಇಂಟರ್‌ನೆಟ್‌ನ ಮೊದಲ ಮಾತು ಹೀಗೆ ಎರಡೇ ಅಕ್ಷರಕ್ಕೆ ತೊದಲಿತು. ತೊದಲಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ 'ಆರ್ಪಾ' ಸಂಸ್ಥೆ ಹಣ ಕೊಟ್ಟು ಕಟ್ಟಿಸುತ್ತಿದ್ದ 'ಆರ್ಪಾನೆಟ್' ಎಂಬ ಈ ಜಾಲಕ್ಕೆ ಆ ವರ್ಷದ ಕೊನೆಯ ಹೊತ್ತಿಗೆ ನಾಲ್ಕು ಕಡೆಯ ಕಂಪ್ಯೂಟರುಗಳು ಸೇರಿದವು. ನಾಲ್ಕೂ ನಾಲ್ಕು ಬಗೆಯವು. ಒಂದಕ್ಕೆ ತಿಳಿದದ್ದು ಇನ್ನೊಂದಕ್ಕೆ ತಿಳಿಯದು. ತಂತಿ ಎಳೆದ ಮಾತ್ರಕ್ಕೆ ಅವು ಮಾತನಾಡುವಂತಿರಲಿಲ್ಲ. ಯಾರು ಮೊದಲು ಮಾತು ಶುರುಮಾಡಬೇಕು, ಕೇಳಿಸಿತೆಂದು ಹೇಗೆ ತಿಳಿಸಬೇಕು, ಕೇಳಿಸದಿದ್ದರೆ ಏನು ಮಾಡಬೇಕು, ಮಾತು ಮುಗಿಯಿತೆಂಬುದಕ್ಕೆ ಗುರುತೇನು, ಇವೆಲ್ಲವೂ ಮೊದಲೇ ನಿಶ್ಚಯವಾಗಿರಬೇಕು. ಹೀಗೆ ನಿಶ್ಚಯಿಸಿಕೊಂಡ ಕಟ್ಟಳೆಗೆ 'ಪ್ರೋಟೋಕಾಲ್' ಎಂದು ಹೆಸರು.

ಇದು ಕಂಪ್ಯೂಟರಿಗೆ ಮಾತ್ರ ಸೇರಿದ ವಿಷಯವಲ್ಲ. ದೂರವಾಣಿ ಎತ್ತಿದವರು 'ಹಲೋ' ಎನ್ನುತ್ತಾರೆ. ಕರೆದವರು ತಾವು ಯಾರೆಂದು ಹೇಳುತ್ತಾರೆ. ನಡುನಡುವೆ 'ಹ್ಞೂಂ' ಗುಟ್ಟದಿದ್ದರೆ 'ಕೇಳಿಸ್ತಾ ಇದೆಯಾ?' ಎಂಬ ಪ್ರಶ್ನೆ ಬರುತ್ತದೆ; ಕೊನೆಗೆ 'ಇಡ್ತೀನಿ' ಎಂದು ಹೇಳಿಯೇ ಇಡುತ್ತಾರೆ. ಯಾರೂ ಕಲಿಸದ ಈ ಕ್ರಮವೇ ಒಂದು ಪ್ರೋಟೋಕಾಲ್. ಯಂತ್ರಕ್ಕೆ ಊಹಿಸುವ ಶಕ್ತಿ ಇಲ್ಲವಾದ್ದರಿಂದ ಅದನ್ನು ಅಕ್ಷರಶಃ ಬರೆದಿಡಬೇಕು, ಅಷ್ಟೇ ವ್ಯತ್ಯಾಸ.

ಹಾಗೆ ಬರೆದಿಟ್ಟವರು ಯಾರು, ಯಾವ ಅಧಿಕಾರದಿಂದ ಬರೆದರು ಎಂಬುದು ಈ ಚರಿತ್ರೆಯ ಮುಖ್ಯ ಭಾಗ. ಕೋಟ್ಯಂತರ ಜನ ಹಣ, ಪತ್ರ, ಗುಟ್ಟು ಎಲ್ಲವನ್ನೂ ಒಪ್ಪಿಸಿರುವ ಜಾಲದ ಮೂಲ ಕಟ್ಟಳೆಗಳು ಪರಸ್ಪರ ಮುಖಪರಿಚಯವಿದ್ದ ಕೆಲವೇ ಜನ ಒಬ್ಬರನ್ನೊಬ್ಬರು ನಂಬಿ ಮಾಡಿಕೊಂಡ ಒಪ್ಪಂದಗಳು.

ಅಪ್ಪಣೆಯಲ್ಲ, ಕೋರಿಕೆ

ಕಟ್ಟಳೆ ಬರೆಯುವ ಕೆಲಸ ಬಿದ್ದದ್ದು ನಾಲ್ಕು ಕೇಂದ್ರಗಳ ವಿದ್ಯಾರ್ಥಿಗಳ ಹೆಗಲ ಮೇಲೆ. ಮೇಲಿನಿಂದ ಯಾರಾದರೂ ಹಿರಿಯ ತಜ್ಞರು ಬಂದು ಹೊಣೆ ಹೊರುತ್ತಾರೆಂದು ಅವರು ಕಾದರು, ಯಾರೂ ಬರಲಿಲ್ಲ. ಕೊನೆಗೆ ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಚರ್ಚೆಯ ಅಂಶಗಳನ್ನು ಬರೆದಿಡಲು ಕುಳಿತ. ಸ್ನೇಹಿತರ ಮನೆಯಲ್ಲಿ ಉಳಿದಿದ್ದ ಅವನು ಮಲಗಿದವರಿಗೆ ತೊಂದರೆಯಾಗಬಾರದೆಂದು ರಾತ್ರಿ ಸ್ನಾನದ ಕೋಣೆಯಲ್ಲಿ ಕುಳಿತು ಬರೆದನೆಂದು ಮುಂದೆ ತಾನೇ ನೆನಪಿಸಿಕೊಂಡಿದ್ದಾನೆ. ಕಿರಿಯರು ಬರೆದದ್ದು ಅಧಿಕಾರವಾಣಿಯಂತೆ ಕೇಳಿಸಬಾರದೆಂಬ ಅಳುಕಿನಿಂದ ಆ ಟಿಪ್ಪಣಿಗಳಿಗೆ 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್', ಅಂದರೆ 'ಅಭಿಪ್ರಾಯಕ್ಕಾಗಿ ಕೋರಿಕೆ' ಎಂದು ಹೆಸರಿಟ್ಟ. ಮೊದಲ ಟಿಪ್ಪಣಿಯ ದಿನಾಂಕ 1969ರ ಏಪ್ರಿಲ್ 7.

ಆರ್.ಎಫ್.ಸಿ. ಎಂದು ಪ್ರಸಿದ್ಧವಾದ ಈ ಟಿಪ್ಪಣಿಗಳ ಸಾಲು ಇನ್ನೂ ನಿಂತಿಲ್ಲ. ಸಂಖ್ಯೆ ಒಂಬತ್ತು ಸಾವಿರ ದಾಟಿದೆ. ಇಂದಿಗೂ ಹೆಸರು 'ಕೋರಿಕೆ' ಎಂದೇ ಉಳಿದಿದೆ. ಯಾರು ಬೇಕಾದರೂ ಓದಬಹುದು, ಬಳಸಬಹುದು.

ಜಾಲದ ಮೊದಲ ಉಪಯೋಗಗಳೂ ಈ ಟಿಪ್ಪಣಿಗಳಲ್ಲೇ ರೂಪುಗೊಂಡವು. ದೂರದ ಕಂಪ್ಯೂಟರಿನ ಎದುರೇ ಕುಳಿತಂತೆ ಕೆಲಸ ಮಾಡಲು 'ಟೆಲ್ನೆಟ್' ಬಂತು. ಒಂದು ಯಂತ್ರದ ಕಡತವನ್ನು ಇನ್ನೊಂದಕ್ಕೆ ಸಾಗಿಸಲು 'ಎಫ್.ಟಿ.ಪಿ.' ಬಂತು. 1971ರ ಏಪ್ರಿಲ್‌ನಲ್ಲಿ ಇದರ ಮೊದಲ ಕರಡನ್ನು ಬರೆದವರು ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ ಪದವಿ ಪಡೆದು ಮೆಸಾಚುಸೆಟ್ಸ್‌ನ ಎಂ.ಐ.ಟಿ. ಸೇರಿದ್ದ ಅಭಯ್ ಭೂಷಣ್. ಅದೇ ವರ್ಷ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವ ಕ್ರಮ ಹುಡುಕಿದರು; ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ 'ಆ್ಯಟ್' ಚಿಹ್ನೆಯನ್ನು ಇಟ್ಟವರು ಅವರೇ.

ಪೊಟ್ಟಣಗಳ ಪ್ರಯಾಣ

ಈ ಜಾಲದಲ್ಲಿ ಮಾಹಿತಿ ಇಡಿಯಾಗಿ ಹೋಗುವುದಿಲ್ಲ. ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ 1960ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಉಪಾಯದಂತೆ ಅದು ಸಣ್ಣ ಸಣ್ಣ ತುಂಡುಗಳಾಗಿ ಸಾಗುತ್ತದೆ. 'ಪ್ಯಾಕೆಟ್' ಎಂಬ ಹೆಸರು ಡೇವಿಸ್ ಕೊಟ್ಟದ್ದು. ಕನ್ನಡದಲ್ಲಿ ಪೊಟ್ಟಣ ಎನ್ನಬಹುದು. ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಒಂದು ತಂತಿ ಅವರಿಗೇ ಮೀಸಲು. ಪೊಟ್ಟಣಗಳಾದರೆ ಒಂದೇ ತಂತಿಯಲ್ಲಿ ನೂರಾರು ಜನರ ಮಾಹಿತಿ ಒಂದರ ಹಿಂದೆ ಒಂದಾಗಿ ಹೋಗಬಹುದು. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹಿಡಿಯಬಹುದು.

ಎಪ್ಪತ್ತರ ದಶಕದಲ್ಲಿ ಆರ್ಪಾನೆಟ್ ಅಲ್ಲದೆ ರೇಡಿಯೋ ಜಾಲ, ಉಪಗ್ರಹ ಜಾಲಗಳೂ ಹುಟ್ಟಿಕೊಂಡವು. ಇವುಗಳನ್ನು ಒಂದಕ್ಕೊಂದು ಜೋಡಿಸುವ ಬಗೆಯನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರ ಮೇ ತಿಂಗಳ ಪ್ರಬಂಧವೊಂದರಲ್ಲಿ ವಿವರಿಸಿದರು. ಫ್ರಾನ್ಸಿನ ಲೂಯಿ ಪೂಜಾಂ ನಡೆಸುತ್ತಿದ್ದ 'ಸಿಕ್ಲಾಡ್' ಜಾಲದ ವಿಚಾರಗಳ ಪ್ರಭಾವವೂ ಅದರ ಮೇಲಿತ್ತು. ಮುಂದೆ ಆ ಒಂದೇ ಕಟ್ಟಳೆಯನ್ನು ಎರಡಾಗಿ ಒಡೆಯಲಾಯಿತು.

ಐ.ಪಿ. ಎಂಬುದು ಅಂಚೆಯಣ್ಣನಂತೆ. ಪ್ರತಿ ಪೊಟ್ಟಣದ ಮೇಲಿನ ವಿಳಾಸ ನೋಡಿ ಮುಂದಿನ ಕೇಂದ್ರಕ್ಕೆ ದಾಟಿಸುವುದಷ್ಟೇ ಅದರ ಕೆಲಸ. ಪೊಟ್ಟಣ ಕಳೆದುಹೋದರೆ, ಹಿಂದುಮುಂದಾದರೆ ಅದಕ್ಕೆ ಹೊಣೆಯಿಲ್ಲ. ಆ ಹೊಣೆ ಟಿ.ಸಿ.ಪಿ.ಯದು. ಅದು ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಡುತ್ತದೆ, ತಲುಪಿದ್ದಕ್ಕೆ ರಸೀದಿ ಕೇಳುತ್ತದೆ, ರಸೀದಿ ಬಾರದಿದ್ದರೆ ಮತ್ತೆ ಕಳಿಸುತ್ತದೆ, ತಲುಪಿದ ಕಡೆ ಕ್ರಮವಾಗಿ ಜೋಡಿಸುತ್ತದೆ. ಮಾತು, ಸಂಗೀತದಂತಹವಕ್ಕೆ ತಡವಾಗಿ ಬಂದ ತುಂಡಿನಿಂದ ಪ್ರಯೋಜನವಿಲ್ಲ. ಅಂತಹ ಕಡೆ ರಸೀದಿಯ ಗೊಡವೆಯಿಲ್ಲದ ಯು.ಡಿ.ಪಿ. ಎಂಬ ಹಗುರ ಕಟ್ಟಳೆ 1980ರಲ್ಲಿ ಬಂತು.

1977ರ ನವೆಂಬರ್ 22ರಂದು ಇದರ ದೊಡ್ಡ ಪರೀಕ್ಷೆ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ಬಳಿ ರಸ್ತೆಯಲ್ಲಿ ಓಡುತ್ತಿದ್ದ ವ್ಯಾನೊಂದರಿಂದ ಹೊರಟ ಪೊಟ್ಟಣಗಳು ರೇಡಿಯೋ ಜಾಲದಿಂದ ಆರ್ಪಾನೆಟ್ಟಿಗೆ, ಅಲ್ಲಿಂದ ಸಾಗರ ದಾಟಿ ಯುರೋಪಿಗೆ, ಉಪಗ್ರಹದ ಮೂಲಕ ಮತ್ತೆ ಅಮೆರಿಕಕ್ಕೆ ಬಂದು ಲಾಸ್ ಏಂಜಲೀಸ್ ತಲುಪಿದವು. ಮೂರು ಬಗೆಯ ಜಾಲಗಳು ಒಂದೇ ಭಾಷೆಯಲ್ಲಿ ವ್ಯವಹರಿಸಿದವು.

1983ರ ಜನವರಿ 1ರಂದು ಆರ್ಪಾನೆಟ್ ತನ್ನ ಹಳೆಯ ಕಟ್ಟಳೆ ಎನ್.ಸಿ.ಪಿ.ಯನ್ನು ಕೈಬಿಟ್ಟು ಟಿ.ಸಿ.ಪಿ./ಐ.ಪಿ.ಗೆ ಬದಲಾಯಿತು. ಜಾಲದಲ್ಲಿ ಆಗ ಇದ್ದದ್ದು ಕೆಲವು ನೂರು ಯಂತ್ರಗಳು. ಬದಲಾಗದವರು ಹೊರಗುಳಿಯಬೇಕಾಯಿತು. ದಾಟಿ ಬದುಕಿದವರು ಆ ಕುರಿತು ಬಿಲ್ಲೆ ಮಾಡಿಸಿ ಎದೆಗೆ ಸಿಕ್ಕಿಸಿಕೊಂಡದ್ದೂ ಉಂಟು.

ಅದೇ ವರ್ಷ ಇನ್ನೊಂದು ತೊಡಕಿಗೂ ಪರಿಹಾರ ಸಿಕ್ಕಿತು. ಐ.ಪಿ. ವಿಳಾಸವೆಂದರೆ ಬರೀ ಅಂಕೆಗಳು. ಮನುಷ್ಯರಿಗೆ ನೆನಪಿರುವುದು ಹೆಸರು. ಯಾವ ಹೆಸರಿಗೆ ಯಾವ ಅಂಕೆ ಎಂಬ ಪಟ್ಟಿಯನ್ನು ಸ್ಟ್ಯಾನ್‌ಫರ್ಡ್ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದಾಗಲೆಲ್ಲ ಅವರಿಗೆ ತಿಳಿಸಬೇಕು; ಉಳಿದವರು ಪಟ್ಟಿಯನ್ನು ನಕಲು ಮಾಡಿಕೊಳ್ಳಬೇಕು. ಜಾಲ ಬೆಳೆದಂತೆ ಇದು ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ 'ಡಿ.ಎನ್.ಎಸ್.' ಪಟ್ಟಿಯನ್ನು ಹಂಚಿಹಾಕಿತು. ಊರಿನವರ ಲೆಕ್ಕ ಊರಿನಲ್ಲೇ, ತಾಲ್ಲೂಕಿನದು ತಾಲ್ಲೂಕಿನಲ್ಲೇ ಎಂಬಂತೆ ಪ್ರತಿ ಸಂಸ್ಥೆ ತನ್ನ ಹೆಸರುಗಳನ್ನು ತಾನೇ ನೋಡಿಕೊಳ್ಳತೊಡಗಿತು.

ಕದಕ್ಕೆ ಬೀಗವಿಲ್ಲದ ಊರು

ಇಷ್ಟೆಲ್ಲ ಕಟ್ಟಳೆಗಳಲ್ಲಿ ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಿರಲೇ ಇಲ್ಲ: ಎದುರಿನ ಯಂತ್ರ ಹೇಳುತ್ತಿರುವುದು ನಿಜವೇ?

ಅಂಚೆ ಸಾಗಿಸುವ 'ಎಸ್.ಎಂ.ಟಿ.ಪಿ.' ಇದಕ್ಕೆ ಒಳ್ಳೆಯ ನಿದರ್ಶನ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಈ ಕಟ್ಟಳೆಯಲ್ಲಿ ಕಳಿಸುವ ಯಂತ್ರ 'ಇದು ಇಂಥವರಿಂದ' ಎನ್ನುತ್ತದೆ. ಪಡೆಯುವ ಯಂತ್ರ ಒಪ್ಪಿಕೊಳ್ಳುತ್ತದೆ. ಇನ್‌ಲ್ಯಾಂಡ್ ಲೆಟರಿನ ಹಿಂದೆ ಕಳಿಸಿದವರ ಹೆಸರಿನ ಜಾಗದಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ, ಹಾಗೆ. ಟೆಲ್ನೆಟ್ ಮತ್ತು ಎಫ್.ಟಿ.ಪಿ.ಗಳಲ್ಲಿ ಗುಪ್ತಪದವೂ ಬಯಲಾಗಿಯೇ ಹೋಗುತ್ತಿತ್ತು. ನಡುವೆ ಕುಳಿತವರು ಬಯಸಿದರೆ ಓದಬಹುದಿತ್ತು. ಪರಸ್ಪರ ಬಲ್ಲ ಸಂಶೋಧಕರ ನಡುವೆ ಯಾರಿಗೂ ಇದು ಕೊರತೆಯೆಂದು ತೋರಲಿಲ್ಲ.

ಎಚ್ಚರಿಕೆಯ ಗಂಟೆ ಬಾರಿಸದೆ ಇರಲಿಲ್ಲ. 1978ರ ಮೇ ತಿಂಗಳಲ್ಲೇ ಕಂಪ್ಯೂಟರ್ ಕಂಪನಿಯೊಂದರ ಮಾರಾಟ ಅಧಿಕಾರಿ ಆರ್ಪಾನೆಟ್ಟಿನ ಸುಮಾರು 400 ಜನರಿಗೆ ಒಟ್ಟಿಗೇ ಜಾಹೀರಾತು ಪತ್ರ ಕಳಿಸಿದ್ದರು. ಇಂದು 'ಸ್ಪ್ಯಾಮ್' ಎನಿಸಿಕೊಳ್ಳುವ ಪೀಡೆಯ ಮೊದಲ ನಿದರ್ಶನ ಇದೆಂದು ಹೇಳುತ್ತಾರೆ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ 'ವರ್ಮ್' ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡಿ ಸಾವಿರಾರು ಕಂಪ್ಯೂಟರುಗಳನ್ನು ಸ್ತಬ್ಧಗೊಳಿಸಿತು. ಅದು ಬಳಸಿಕೊಂಡ ದಾರಿಗಳಲ್ಲಿ ಅಂಚೆ ಸಾಗಿಸುವ ತಂತ್ರಾಂಶವೂ ಒಂದು.

ಆದರೆ ನಂಬಿಕೆಯೇ ಜಾಲವನ್ನು ಉಳಿಸಿದ ಸಂದರ್ಭವನ್ನೂ ಮರೆಯುವಂತಿಲ್ಲ. 1986ರ ಅಕ್ಟೋಬರ್‌ನಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾಲಯಕ್ಕೂ ಅಲ್ಲೇ 400 ಗಜ ದೂರದ ಪ್ರಯೋಗಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕಾರಣ ಸರಳ. ದಟ್ಟಣೆಯಿಂದ ಪೊಟ್ಟಣ ಕಳೆದರೆ ಎಲ್ಲ ಯಂತ್ರಗಳೂ ಮತ್ತೆ ಮತ್ತೆ ಕಳಿಸುತ್ತಿದ್ದವು. ಅದರಿಂದ ದಟ್ಟಣೆ ಇನ್ನೂ ಹೆಚ್ಚುತ್ತಿತ್ತು. ಜಾತ್ರೆಯ ಬಸ್ಸಿನ ಬಾಗಿಲಲ್ಲಿ ಎಲ್ಲರೂ ಒಮ್ಮೆಗೇ ನುಗ್ಗಿ ಯಾರೂ ಹತ್ತಲಾಗದ ಸ್ಥಿತಿ. ವ್ಯಾನ್ ಜೇಕಬ್ಸನ್ ಮತ್ತು ಮೈಕ್ ಕೆರೆಲ್ಸ್ ಸೂಚಿಸಿದ ಪರಿಹಾರ ಹೀಗಿತ್ತು: ನಿಧಾನವಾಗಿ ಶುರುಮಾಡು, ರಸೀದಿ ಬಂದಂತೆ ವೇಗ ಹೆಚ್ಚಿಸು, ಪೊಟ್ಟಣ ಕಳೆದರೆ ದಾರಿ ಕಿಕ್ಕಿರಿದಿದೆಯೆಂದು ತಿಳಿದು ಹಿಂದೆ ಸರಿ. ಇದನ್ನು ಪಾಲಿಸುವಂತೆ ದಂಡಿಸುವ ಪೊಲೀಸರು ಯಾರೂ ಇರಲಿಲ್ಲ. ಆದರೂ ಎಲ್ಲರೂ ಅಳವಡಿಸಿಕೊಂಡರು. ಇವತ್ತಿಗೂ ಟಿ.ಸಿ.ಪಿ. ಬಳಸುವ ಯಂತ್ರಗಳು ಇದೇ ಸಂಯಮವನ್ನು ಪಾಲಿಸುತ್ತವೆ.

ಶುಲ್ಕ ಕೇಳಿದವರು, ಕೇಳದವರು

ಟಿ.ಸಿ.ಪಿ./ಐ.ಪಿ.ಗೆ ಎದುರಾಳಿ ಇರಲಿಲ್ಲವೆಂದಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಏಳು ಅಂತಸ್ತಿನ 'ಓ.ಎಸ್.ಐ.' ಮಾದರಿ 1984ರಲ್ಲಿ ಪ್ರಕಟವಾಯಿತು. ಹಲವು ಸರ್ಕಾರಗಳು ಅದರ ಬೆನ್ನಿಗೆ ನಿಂತವು. ಆದರೆ ಸಮಿತಿಗಳ ಚರ್ಚೆ ಮುಗಿಯುವಷ್ಟರಲ್ಲಿ ಉಚಿತವಾಗಿ ಸಿಗುತ್ತಿದ್ದ ಟಿ.ಸಿ.ಪಿ./ಐ.ಪಿ. ವಿಶ್ವವಿದ್ಯಾಲಯಗಳಲ್ಲಿ ಬೇರುಬಿಟ್ಟಿತ್ತು. ಈ ಪೈಪೋಟಿಯ ನೆರಳು ಭಾರತದ ಮೇಲೂ ಬಿತ್ತು. ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ 'ಅರ್ನೆಟ್' ಜಾಲದಲ್ಲಿ ಐದು ಐ.ಐ.ಟಿ.ಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಅದರ ಬೆನ್ನೆಲುಬಿನಲ್ಲಿ ಮೊದಲು ಎರಡೂ ಕಟ್ಟಳೆಗಳು ಅಕ್ಕಪಕ್ಕ ನಡೆದವು. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಟಿ.ಸಿ.ಪಿ./ಐ.ಪಿ. ಮಾತ್ರ ಉಳಿಯಿತೆನ್ನಬಹುದು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಬರೀ ಅಕ್ಷರ ಕಾಣುವ 'ಶೆಲ್' ಖಾತೆ ಅಗ್ಗ, ಚಿತ್ರವೂ ಕಾಣುವ 'ಟಿ.ಸಿ.ಪಿ./ಐ.ಪಿ.' ಖಾತೆ ದುಬಾರಿ. ಹೀಗೆ ಪ್ರೋಟೋಕಾಲ್ ಒಂದರ ಹೆಸರು ಭಾರತೀಯ ಗ್ರಾಹಕರ ಅರ್ಜಿಯಲ್ಲೇ ಕಾಣಿಸಿಕೊಂಡಿತು.

ಶುಲ್ಕದ ಪಾಠ ಇನ್ನೊಂದು ಕಡೆಯೂ ಸಿಕ್ಕಿತು. 1991ರಲ್ಲಿ ಮಾಹಿತಿ ಹುಡುಕಲು ಎರಡು ಹೊಸ ಕಟ್ಟಳೆಗಳಿದ್ದವು. ಒಂದು ಮಿನೆಸೋಟ ವಿಶ್ವವಿದ್ಯಾಲಯದ 'ಗೋಫರ್'. ಇನ್ನೊಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ 'ವರ್ಲ್ಡ್ ವೈಡ್ ವೆಬ್'. ಅದರ ಕಟ್ಟಳೆಯೇ 'ಎಚ್.ಟಿ.ಟಿ.ಪಿ.' ಮೊದಲ ರೂಪದಲ್ಲಿ ಅದಕ್ಕೆ ಗೊತ್ತಿದ್ದದ್ದು 'ಇಂಥ ಪುಟ ಕೊಡು' ಎಂಬ ಒಂದೇ ಮಾತು. ಆರಂಭದಲ್ಲಿ ಹೆಚ್ಚು ಜನಪ್ರಿಯವಾಗಿದ್ದುದು ಗೋಫರ್. 1993ರಲ್ಲಿ ಆ ವಿಶ್ವವಿದ್ಯಾಲಯ ಕೆಲವು ಬಳಕೆದಾರರಿಂದ ಪರವಾನಗಿ ಶುಲ್ಕ ಕೇಳುವುದಾಗಿ ಪ್ರಕಟಿಸಿತು. ಅದೇ ವರ್ಷ ಏಪ್ರಿಲ್ 30ರಂದು ಸರ್ನ್ ವೆಬ್‌ನ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಗೋಫರ್ ಮೂಲೆ ಸೇರಲು ಇದೊಂದೇ ಕಾರಣವಲ್ಲದಿದ್ದರೂ ಜನ ಯಾವ ಕಡೆ ಹರಿದರೆಂಬುದು ಎಲ್ಲರಿಗೂ ತಿಳಿದಿದೆ.

ಕನ್ನಡ ದಾಟಿದ ಬಗೆ

ಮುಕ್ತ ಕಟ್ಟಳೆ ಎಂದರೂ ಅದು ಹುಟ್ಟಿದ್ದು ಇಂಗ್ಲಿಷ್ ಬಲ್ಲವರ ನಡುವೆ. ಎಸ್.ಎಂ.ಟಿ.ಪಿ. ಸಾಗಿಸಲು ಒಪ್ಪಿದ್ದು 128 ಗುರುತುಗಳ ಅಕ್ಷರಮಾಲೆಯನ್ನು ಮಾತ್ರ. ಅದರಲ್ಲಿ ಫ್ರೆಂಚಿನ ಒತ್ತುಗಳಿಗೂ ಸ್ಥಳವಿರಲಿಲ್ಲ, ಕನ್ನಡದ ಒತ್ತಕ್ಷರದ ಮಾತಂತೂ ದೂರ. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ 'ಮೈಮ್' ಕಟ್ಟಳೆ ಹಳೆಯ ಅಂಚೆಯನ್ನು ಕೆಡವದೆಯೇ ದಾರಿ ಮಾಡಿತು. ಯಾವುದೇ ಲಿಪಿ, ಚಿತ್ರ, ಧ್ವನಿಯನ್ನು ಆ 128 ಗುರುತುಗಳ ವೇಷ ತೊಡಿಸಿ ಕಳಿಸುವುದು, ತಲುಪಿದ ಮೇಲೆ ವೇಷ ಕಳಚುವುದು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತ್ತು. ಆದರೂ ಅದು ಬಳಕೆಗೆ ಬರುವವರೆಗೆ ಹಲವು ವರ್ಷ ಒಬ್ಬರ ಕನ್ನಡ ಪತ್ರ ಅದೇ ಫಾಂಟ್ ಇಲ್ಲದ ಇನ್ನೊಬ್ಬರ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳ ಸಾಲಾಗಿಯೇ ಕಾಣುತ್ತಿತ್ತು. ಒಪ್ಪಂದ ಇಲ್ಲದಿದ್ದರೆ ಏನಾಗುತ್ತದೆಂದು ಕನ್ನಡಿಗರು ಕಣ್ಣಾರೆ ಕಂಡದ್ದು ಹೀಗೆ.

ದಾರಿ ತಪ್ಪಿದ ದಾರಿಗಳು

ಇಂಟರ್‌ನೆಟ್ ಒಂದು ಜಾಲವಲ್ಲ, ಸಾವಿರಾರು ಜಾಲಗಳ ಕೂಟ. ಯಾವ ವಿಳಾಸಕ್ಕೆ ಯಾವ ಕಡೆಯಿಂದ ಹೋಗಬೇಕೆಂದು ಅವು ಒಂದಕ್ಕೊಂದು ತಿಳಿಸುವ ಕಟ್ಟಳೆ 'ಬಿ.ಜಿ.ಪಿ.' 1989ರ ಜನವರಿಯಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದ ಸಭೆಯೊಂದರ ಊಟದ ವೇಳೆ ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಕ್ಟರ್ ಕೈ ಒರೆಸುವ ಕಾಗದದ ಮೇಲೆ ಅದರ ರೂಪರೇಖೆ ಬರೆದರು. ಇಲ್ಲಿಯೂ ಅದೇ ನಂಬಿಕೆ: 'ಈ ವಿಳಾಸ ನನ್ನ ಕಡೆ ಇದೆ' ಎಂದು ಒಂದು ಜಾಲ ಸಾರಿದರೆ ನೆರೆಯವರು ನಂಬುತ್ತಾರೆ.

2008ರ ಫೆಬ್ರುವರಿ 24ರಂದು ಪಾಕಿಸ್ತಾನದ ಟೆಲಿಕಾಂ ಸಂಸ್ಥೆ ಸರ್ಕಾರದ ಆದೇಶದಂತೆ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟು, ಅದರ ವಿಳಾಸಗಳು ತನ್ನಲ್ಲಿವೆಯೆಂದು ಸಾರಿತು. ಆ ಸುದ್ದಿ ಗಡಿ ದಾಟಿ ಹೊರಗಿನ ಜಾಲಗಳಿಗೂ ಹೋಯಿತು. ಸುಮಾರು ಎರಡು ಗಂಟೆ ಕಾಲ ಪ್ರಪಂಚದ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಕಂಪನಿಯ ತಪ್ಪು ಆಜ್ಞೆಯೊಂದರಿಂದ ಅದರ ದಾರಿಗಳೇ ಜಾಲದ ನಕ್ಷೆಯಿಂದ ಅಳಿಸಿಹೋಗಿ ವಾಟ್ಸ್‌ಆ್ಯಪ್ ಸೇರಿದಂತೆ ಎಲ್ಲವೂ ಸುಮಾರು ಆರು ಗಂಟೆ ನಿಂತವು.

ಬೀಗ ಹಾಕುವ ಕೆಲಸ ಕಟ್ಟಡ ಮುಗಿದ ಮೇಲೆ ಶುರುವಾಯಿತು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಬಿಡುಗಡೆ ಮಾಡಿದ ಎಸ್.ಎಸ್.ಎಲ್. 1999ರಲ್ಲಿ ಟಿ.ಎಲ್.ಎಸ್. ಎಂಬ ಮುಕ್ತ ಕಟ್ಟಳೆಯಾಯಿತು. ಎಚ್.ಟಿ.ಟಿ.ಪಿ. ಇದರ ಹೊದಿಕೆಯಲ್ಲಿ ಸಾಗಿದಾಗ ಕೊನೆಗೊಂದು 'ಎಸ್' ಸೇರುತ್ತದೆ. ಎದುರಿನವರು ತಾವು ಹೇಳಿಕೊಂಡವರೇ ಎಂಬುದಕ್ಕೆ ಪ್ರಮಾಣಪತ್ರ, ನಡುವಿನವರು ಓದದಂತೆ ಗೂಢಲಿಪಿ, ಎರಡನ್ನೂ ಇದು ಒದಗಿಸುತ್ತದೆ. ಬ್ಯಾಂಕಿನ ವ್ಯವಹಾರ ಮೊಬೈಲಿಗೆ ಬಂದದ್ದು ಈ ಆಧಾರದ ಮೇಲೆ. ಟೆಲ್ನೆಟ್‌ನ ಜಾಗಕ್ಕೆ ಎಸ್.ಎಸ್.ಎಚ್. ಬಂತು. ಅಂಚೆಗೆ ಸಹಿ ಪರೀಕ್ಷೆ, ಬಿ.ಜಿ.ಪಿ.ಗೆ ವಿಳಾಸದ ಹಕ್ಕಿನ ಪರೀಕ್ಷೆ ಸೇರಿಕೊಂಡವು. ಇವುಗಳಲ್ಲಿ ಹಲವು ಈಗಲೂ ಐಚ್ಛಿಕ. ಒಪ್ಪಿದವರಿಗೆ ರಕ್ಷಣೆ, ಒಪ್ಪದವರ ಕದ ಇನ್ನೂ ತೆರೆದೇ ಇದೆ.

ಇನ್ನೊಂದು ಬಗೆಯ ಬೀಗವೂ ಬಂದಿದೆ. ಇ-ಮೇಲನ್ನು ಯಾವ ಕಂಪನಿಯ ಖಾತೆಯಿಂದ ಯಾವ ಕಂಪನಿಯ ಖಾತೆಗಾದರೂ ಕಳಿಸಬಹುದು. 1982ರ ಒಪ್ಪಂದದ ಫಲ ಅದು. ಮೊಬೈಲಿನ ಸಂದೇಶ ಸೇವೆಗಳು ಹಾಗಲ್ಲ. ಒಂದರ ಬಳಕೆದಾರರು ಇನ್ನೊಂದರವರೊಡನೆ ಮಾತನಾಡಲಾಗದಂತೆ ಬೇಲಿ ಹಾಕಿಕೊಂಡು ಬೆಳೆದವು. ಇವುಗಳಲ್ಲಿ ಗೂಢಲಿಪಿಯ ಭದ್ರತೆ ಹಳೆಯ ಅಂಚೆಗಿಂತ ಎಷ್ಟೋ ಮೇಲು ಎಂಬುದೂ ನಿಜ. ಆದರೆ ಕಟ್ಟಳೆ ಕಂಪನಿಯ ಕೈಯಲ್ಲಿದೆ. ಯುರೋಪಿನ ಒಕ್ಕೂಟ 2022ರಲ್ಲಿ ಕಾನೂನು ಮಾಡಿ, ದೊಡ್ಡ ಸಂದೇಶ ಸೇವೆಗಳು ಕೇಳಿಕೊಂಡ ಇತರ ಸೇವೆಗಳಿಗೆ ಬಾಗಿಲು ತೆರೆಯಬೇಕೆಂದು ವಿಧಿಸಿತು. ನಾಲ್ಕು ಬಗೆಯ ಯಂತ್ರಗಳ ಮುಂದೆ ಕುಳಿತ ವಿದ್ಯಾರ್ಥಿಗಳು 1969ರಲ್ಲಿ ಯಾರ ಬಲವಂತವೂ ಇಲ್ಲದೆ ಮಾಡಿಕೊಂಡ ಏರ್ಪಾಡನ್ನು ಈಗ ಕಾನೂನಿನಿಂದ ಮಾಡಿಸಬೇಕಾಗಿ ಬಂದಿದೆ.